ಬರಹಕ್ಕೊಂದು ಭದ್ರವಾದ ನೆಲೆ

ಒಂದು ಮನೆತನದ ನಿಜವಾದ ಚರಿತ್ರೆಯು ಅಚ್ಚಾದ ಗ್ರಂಥಗಳಲ್ಲಿ ದೊರೆಯುವುದು ಅಪರೂಪ. ಅದು ಹಿರಿಯರು ಬರೆದಿಟ್ಟ ಚೋಪಡಿಗಳಲ್ಲಿ, ಹಳೆಯ ಲಗ್ನಪತ್ರಿಕೆಗಳಲ್ಲಿ, ಅಜ್ಜಿಯರ ಬಾಯಿಯ ಹಾಡುಗಳಲ್ಲಿ ಉಳಿದಿರುತ್ತದೆ. ಗಡಿಯ ಈಚೆಗೆ ನೆಲಸಿರುವ ಕನ್ನಡ ಕುಟುಂಬಗಳ ವಿಷಯದಲ್ಲಂತೂ ಈ ಮಾತು ಹೆಚ್ಚು ಸತ್ಯವಾದುದು. ಸಮಡೋಳಿ, ಸಾಂಗಲಿ, ಮಿರಜ ಭಾಗದಲ್ಲಿ ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಸ್ಥಿತಿಯ ಮನೆಗಳುಂಟು. ಅಲ್ಲಿ ಹಿರಿಯರ ಕನ್ನಡವನ್ನು ಬರೆದಿಡುವ ಕೈ ತಲೆಮಾರಿಗೊಮ್ಮೆ ಕಡಿಮೆಯಾಗುತ್ತ ನಡೆದಿದೆ.

ಬರೆದಿಟ್ಟುದಾದರೂ ಕ್ಷೇಮವೆನ್ನುವಂತಿಲ್ಲ. 2005, 2019 ಮತ್ತು 2021ರಲ್ಲಿ ಕೃಷ್ಣೆ-ವಾರಣೆಯರು ಉಕ್ಕಿ ಬಂದುದನ್ನು ಈ ಭಾಗದವರು ಮರೆತಿಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಸಾಂಗಲಿಯ ನಗರ ವಾಚನಾಲಯದ ಸಾವಿರಾರು ಗ್ರಂಥಗಳು ನೀರುಪಾಲಾದವು. ವಾಚನಾಲಯಕ್ಕೇ ಹೀಗಾದರೆ, ಮನೆಯ ಟ್ರಂಕಿನೊಳಗಿನ ಚೋಪಡಿಯ ಗತಿಯೇನು?

ಆದುದರಿಂದ ಇಂದಿನ ತರುಣ-ತರುಣಿಯರು ತಮ್ಮ ಅನುಭವವನ್ನೂ ಹಿರಿಯರ ನೆನಪುಗಳನ್ನೂ ಅಂತರಜಾಲದಲ್ಲಿ ಬ್ಲಾಗ್ ರೂಪದಲ್ಲಿ ಬರೆದಿಡಲು ಮುಂದಾಗುವುದು ಸ್ತುತ್ಯವಾದುದು. ಬ್ಲಾಗ್ ಎಂದರೆ ಒಬ್ಬರೇ ಬರೆದು ಪ್ರಕಟಿಸುವ ಪುಟ್ಟ ಪತ್ರಿಕೆ; ಸಂಪಾದಕರೂ ತಾವೇ, ಪ್ರಕಾಶಕರೂ ತಾವೇ. ಆದರೆ ಬರೆಯುವ ಮೊದಲು ಒಂದು ಪ್ರಶ್ನೆಯನ್ನು ಇತ್ಯರ್ಥಗೊಳಿಸಬೇಕು: ಈ ಬರಹವು ಯಾರ ನೆಲದ ಮೇಲೆ ನಿಲ್ಲಬೇಕು?

ಇದು ಸಣ್ಣ ಪ್ರಶ್ನೆಯಲ್ಲ. ಏಕೆಂದರೆ ಅಂತರಜಾಲದಲ್ಲಿಯೂ ಮಹಾಪೂರಗಳು ಬರುತ್ತವೆ. ಒಂದು ಕಾಲದಲ್ಲಿ ಲೋಕದ ಲಕ್ಷಾಂತರ ಜನರು ಜಿಯೋಸಿಟೀಸ್ ಎಂಬ ತಾಣದಲ್ಲಿ ಪುಕ್ಕಟೆಯಾಗಿ ಪುಟಗಳನ್ನು ಕಟ್ಟಿಕೊಂಡಿದ್ದರು. ಅದನ್ನು 1999ರಲ್ಲಿ ಕೊಂಡ ಯಾಹೂ ಸಂಸ್ಥೆಯು, ಜಪಾನಿನ ಶಾಖೆಯೊಂದನ್ನುಳಿದು, 2009ರ ಅಕ್ಟೋಬರ್‌ನಲ್ಲಿ ಮುಚ್ಚಿಬಿಟ್ಟಿತು. ಪೋಸ್ಟರಸ್ ಎಂಬ ತಾಣವು 2013ರಲ್ಲಿ ಮುಗಿಯಿತು. 2003ರಿಂದ ನಡೆದುಬಂದಿದ್ದ, ಹಣ ತೆತ್ತು ಬರೆಯಬೇಕಾಗಿದ್ದ ಟೈಪ್‌ಪ್ಯಾಡ್ ಸಹ 2025ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಹಣ ಕೊಟ್ಟ ಮಾತ್ರಕ್ಕೆ ನೆಲೆ ಶಾಶ್ವತವಾಗದು ಎಂಬುದು ಇದರಿಂದ ಸ್ಪಷ್ಟ.

ನಮ್ಮ ದೇಶದ್ದೇ ಇನ್ನೊಂದು ನಿದರ್ಶನವುಂಟು. 2006ರ ಜುಲೈಯಲ್ಲಿ, ಮುಂಬಯಿಯ ರೈಲು ಸ್ಫೋಟಗಳ ಬಳಿಕ, ಕೇಂದ್ರ ಸರಕಾರವು ಕೆಲವೇ ಪುಟಗಳನ್ನು ತಡೆಯಲು ಆದೇಶಿಸಿತು. ಅಂತರಜಾಲ ಸೇವೆಯ ಕಂಪನಿಗಳಾದರೋ ಬ್ಲಾಗ್‌ಸ್ಪಾಟ್‌ನಂತಹ ತಾಣಗಳನ್ನು ಇಡಿಯಾಗಿಯೇ ಕೆಲವು ದಿನ ಮುಚ್ಚಿದವು. ಅಡುಗೆ, ಕವಿತೆ, ಪ್ರವಾಸಗಳ ಬಗೆಗೆ ಬರೆಯುತ್ತಿದ್ದ ನಿರುಪದ್ರವಿಗಳ ಬಾಗಿಲಿಗೂ ಬೀಗ ಬಿದ್ದಿತು.

ಈಗ ಲಭ್ಯವಿರುವ ನೆಲೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪುಕ್ಕಟೆ ಬಿಡಾರ. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಸಂಸ್ಥೆಯ ವಶವಾದ ಬ್ಲಾಗರ್, 2005ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಡಾಟ್ ಕಾಮ್ ಇವುಗಳಲ್ಲಿ ಪ್ರಮುಖವಾದವು. ಅರ್ಧ ಗಂಟೆಯಲ್ಲಿ ಬರೆಯಲು ಕೂಡ್ರಬಹುದು. ಯಂತ್ರದ ಉಸ್ತುವಾರಿ ನಮ್ಮದಲ್ಲ. ಆದರೆ ವಿಳಾಸದಲ್ಲಿ ಅವರ ಹೆಸರೂ ಸೇರಿರುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಪುಕ್ಕಟೆ ವ್ಯವಸ್ಥೆಯಲ್ಲಿ ನಮ್ಮ ಬರಹದ ನಡುವೆ ಅವರ ಜಾಹೀರಾತು ಕಾಣಿಸಬಹುದು.

ಎರಡನೆಯದು ಸ್ವಂತ ಮನೆ. 2003ರಿಂದ ಬೆಳೆದುಬಂದ ವರ್ಡ್‌ಪ್ರೆಸ್ ತಂತ್ರಾಂಶವು ಯಾರಿಗೂ ಉಚಿತವಾಗಿ ದೊರೆಯುತ್ತದೆ. ಬಾಡಿಗೆಯ ಸರ್ವರಿನ ಮೇಲೆ ಅದನ್ನು ಸ್ಥಾಪಿಸಿಕೊಂಡರೆ ಸ್ವಾತಂತ್ರ್ಯ ಪೂರ್ಣ. ಆದರೆ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು, ದುಷ್ಕರ್ಮಿಗಳಿಂದ ಕಾಪಾಡುವುದು, ಪ್ರತಿವರ್ಷ ಹಣ ತೆರುವುದು ಇವೆಲ್ಲ ನಮ್ಮ ಹೊಣೆ. ಮನೆ ಕಟ್ಟಿ ನೋಡು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಮೊದಲ ವರ್ಷದ ದರ ಅಗ್ಗವಾಗಿದ್ದು ಎರಡನೆಯ ವರ್ಷಕ್ಕೆ ಏರುವುದು ಸಾಮಾನ್ಯವಾದುದರಿಂದ ನವೀಕರಣದ ದರವನ್ನೇ ಮೊದಲು ಕೇಳಬೇಕು.

ಮೂರನೆಯದು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಂತಹ ಸಂತೆಯ ಕಟ್ಟೆ. ಬಂಧುಗಳೆಲ್ಲ ಅಲ್ಲಿಯೇ ನೆರೆದಿರುವುದರಿಂದ ಬರೆದ ಕೂಡಲೇ ಓದುಗರು ದೊರೆಯುತ್ತಾರೆ, ನಿಜ. ಆದರೆ ಸಂತೆಯಲ್ಲಿ ಆಡಿದ ಮಾತನ್ನು ಮುಂದಿನ ವರ್ಷ ಹುಡುಕಹೋದರೆ ಸಿಕ್ಕುವುದು ಕಷ್ಟ. ಸುದ್ದಿ ಸಾರಲು ಅದು ಯೋಗ್ಯ ಸ್ಥಳ, ಕಡತವಿಡಲು ಅಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೊದಲ ಪರೀಕ್ಷೆ, ಹೊರಬರುವ ಬಾಗಿಲಿನದು. ಬರೆದುದೆಲ್ಲವನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳಲು ಆ ತಾಣವು ಅವಕಾಶ ಕೊಡುತ್ತದೆಯೇ? ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡೂ ಕೊಡುತ್ತವೆ. ಒಂದರ ಕಡತವನ್ನು ಇನ್ನೊಂದಕ್ಕೆ ಸಾಗಿಸುವ ಉಪಾಯವೂ ಇದೆ. ಪ್ರವೇಶ ಸುಲಭ, ನಿರ್ಗಮನ ಕಠಿಣ ಎಂಬ ತಾಣವು ಎಷ್ಟೇ ಚೆಲುವಾಗಿದ್ದರೂ ಬೇಡ.

ಎರಡನೆಯ ಪರೀಕ್ಷೆ, ವಿಳಾಸದ್ದು. ಹೊಲ ಯಾರು ಉತ್ತರೂ ಸಾತ್‌ಬಾರಾ ಉತಾರದಲ್ಲಿ ಯಾರ ಹೆಸರಿದೆ ಎಂದು ನಾವು ನೋಡುತ್ತೇವಷ್ಟೆ. ಅಂತರಜಾಲದಲ್ಲಿ ಅಂತಹ ದಾಖಲೆಯೆಂದರೆ ಡೊಮೈನ್ ಹೆಸರು. 2005ರಿಂದ ‘ಡಾಟ್ ಇನ್’ ವಿಳಾಸಗಳು ಜನಸಾಮಾನ್ಯರಿಗೂ ಮುಕ್ತವಾಗಿವೆ. ಮನೆತನದ ಹೆಸರಿನಲ್ಲಿ ಒಂದನ್ನು ನೋಂದಾಯಿಸಿಕೊಂಡರೆ, ಇಂದು ಬ್ಲಾಗರ್‌ನಲ್ಲಿರುವ ಬರಹವನ್ನು ನಾಳೆ ಬೇರೆಡೆಗೆ ಒಯ್ದರೂ ಓದುಗರಿಗೆ ತಿಳಿದ ವಿಳಾಸ ಬದಲಾಗದು. ಸ್ವಂತ ಹೆಸರನ್ನು ಜೋಡಿಸಲು ಬ್ಲಾಗರ್ ಪ್ರತ್ಯೇಕ ಹಣ ಕೇಳುವುದಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಹಣ ತೆರುವ ಯೋಜನೆ ಬೇಕು. ಆದರೆ ಸಾತ್‌ಬಾರಾಕ್ಕೂ ಇದಕ್ಕೂ ಒಂದು ವ್ಯತ್ಯಾಸವುಂಟು: ಅವಧಿ ಮುಗಿದಾಗ ನವೀಕರಿಸದಿದ್ದರೆ ಈ ಹೆಸರು ಅನ್ಯರ ಪಾಲಾಗಬಹುದು.

ಮೂರನೆಯದು ಕನ್ನಡದ ಪರೀಕ್ಷೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳನ್ನು ಹಾಗೆಯೇ ಅಂಟಿಸಿದರೆ ಆ ಫಾಂಟು ಇಲ್ಲದವರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಪುಟದ ವಿಳಾಸವು ನಕಲು ಮಾಡಿ ಕಳುಹಿಸುವಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗುವುದುಂಟು; ಬ್ಲಾಗರ್‌ನಲ್ಲಿ ಶೀರ್ಷಿಕೆಯ ಸುಳಿವಿಲ್ಲದ ಸಾಮಾನ್ಯ ಹೆಸರಾಗುವುದುಂಟು. ಪ್ರಕಟಿಸುವ ಮೊದಲು ವಿಳಾಸದ ಆ ಭಾಗವನ್ನು ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಬರೆದರೆ ತೊಂದರೆ ತಪ್ಪುವುದು. ಮೊದಲು ಒತ್ತಕ್ಷರ, ಅರ್ಕಾವತ್ತುಗಳಿರುವ ನಾಲ್ಕು ಸಾಲು ಬರೆದು, ಮನೆಯಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ ತೆರೆದು ನೋಡಿರಿ.

ಕನ್ನಡ ಮಾತನಾಡಬಲ್ಲ, ಆದರೆ ಬರೆಯಲಾರದ ಹಿರಿಯರೂ ನಿರಾಶರಾಗಬೇಕಿಲ್ಲ. 2017ರಿಂದ ಗೂಗಲ್‌ನ ಧ್ವನಿ ಬೆರಳಚ್ಚು ಕನ್ನಡಕ್ಕೂ ಮರಾಠಿಗೂ ಲಭ್ಯವಿದೆ. ಗಡಿಭಾಗದ ಆಡುನುಡಿಯನ್ನು ಆ ಯಂತ್ರವು ತಪ್ಪಾಗಿ ಗ್ರಹಿಸಬಹುದು. ಮಕ್ಕಳು ಪಕ್ಕದಲ್ಲಿ ಕುಳಿತು ತಿದ್ದಲಿ. ಆ ನೆಪದಲ್ಲಿ ಅಜ್ಜಿಯ ಮಾತು ಮೊಮ್ಮಗಳ ಕೈಗೆ ಬರುವುದೇ ದೊಡ್ಡ ಲಾಭ. ಕನ್ನಡ ಲೇಖನದ ಕೆಳಗೆ ಮರಾಠಿಯಲ್ಲಿ ನಾಲ್ಕು ಸಾಲಿನ ಸಾರಾಂಶವಿದ್ದರೆ ಬೀಗರ ಮನೆಯವರೂ ಓದಿಯಾರು.

ನಾಲ್ಕನೆಯದು ಉತ್ತರಾಧಿಕಾರದ ಪರೀಕ್ಷೆ. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿತು. ಬರೆದವರು ಕಣ್ಮರೆಯಾದ ಮೇಲೆ ಕೀಲಿಕೈ ಯಾರಲ್ಲಿರಬೇಕು ಎಂಬುದನ್ನು ಜೀವಂತವಿರುವಾಗಲೇ ಗೊತ್ತುಮಾಡಬೇಕು. ಬ್ಲಾಗರ್‌ನಲ್ಲಿ ಒಂದಕ್ಕಿಂತ ಹೆಚ್ಚು ಮಂದಿಯನ್ನು ನಿರ್ವಾಹಕರನ್ನಾಗಿ ಸೇರಿಸಬಹುದು. ಮನೆಯ ಇಬ್ಬರಾದರೂ ಇರಲಿ.

ಒಟ್ಟಿನಲ್ಲಿ, ಮನೆಯಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರಿದ್ದು ಅವರು ನಿತ್ಯವೂ ಗಮನ ಕೊಡಬಲ್ಲರಾದರೆ ಸ್ವಂತ ಸರ್ವರು ಉತ್ತಮ. ಮಿಕ್ಕ ಕುಟುಂಬಗಳಿಗೆ, ಬ್ಲಾಗರ್‌ನಂತಹ ಪುಕ್ಕಟೆ ನೆಲೆಗೆ ಸ್ವಂತ ಹೆಸರಿನ ವಿಳಾಸವನ್ನು ಜೋಡಿಸಿಕೊಳ್ಳುವುದು ವಿವೇಕದ ಮಾರ್ಗ: ಖರ್ಚು ಹೆಸರಿನದಷ್ಟೇ, ಹೊರಬರುವ ಬಾಗಿಲೂ ತೆರೆದಿದೆ. ಮೂರು ತಿಂಗಳಿಗೊಮ್ಮೆ ಇಡೀ ಬರಹವನ್ನು ಇಳಿಸಿಕೊಂಡು, ಊರಿನಲ್ಲೊಂದು, ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಬಂಧುಗಳಲ್ಲಿ ಒಂದು ಪ್ರತಿಯನ್ನಿಡಿರಿ. 1996ರಲ್ಲಿ ಸ್ಥಾಪನೆಯಾದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯ ತಾಣದಲ್ಲಿ ನಮ್ಮ ಪುಟದ ವಿಳಾಸವನ್ನು ಕೊಟ್ಟು ಅದರ ಪ್ರತಿಯನ್ನು ಪುಕ್ಕಟೆಯಾಗಿ ಉಳಿಸಿಡಲೂಬಹುದು. ಎಲ್ಲರೂ ಓದುವ ಸ್ಥಳವಾದುದರಿಂದ ಮಕ್ಕಳ ಶಾಲೆ, ಆಧಾರ್ ಸಂಖ್ಯೆ, ಆಸ್ತಿಯ ವಿವರಗಳನ್ನು ಮಾತ್ರ ಅಲ್ಲಿ ಬರೆಯಲಾಗದು.

ನೆಲೆಯ ಆಯ್ಕೆಗೆ ಒಂದು ರವಿವಾರ ಸಾಕು. ಹಿರಿಯರ ನೆನಪು ಅಷ್ಟು ಕಾಲ ಕಾಯುವುದೆಂಬ ಭರವಸೆಯಿಲ್ಲದ ಕಾರಣ, ಮೊದಲ ಲೇಖನವನ್ನು ಇಂದೇ ಕಾಗದದ ಮೇಲಾದರೂ ಆರಂಭಿಸುವುದು ಲೇಸು.