ಗುಂಡು ಹಾರಿಸದ ಕೀಟಗಳು

ಕೀಟಗಳ ದಂಡನ್ನು ನೌಕೆಯಿಂದ ಗುಂಡಿಟ್ಟು ಉರುಳಿಸುವ ವಿಡಿಯೊ ಆಟ ಗೆಲಾಗ. ಅದನ್ನು ಆಡಿದ ಹಳಬರಲ್ಲಿ ಒಂದು ಗುಟ್ಟು ಓಡಾಡುತ್ತದೆ. ಮೊದಲ ಹಂತದಲ್ಲಿ ಎಡಗಡೆಯ ಒಂದೆರಡು ಜೇನ್ನೊಣಗಳನ್ನಷ್ಟೇ ಉಳಿಸಿ, ಮಿಕ್ಕವನ್ನೆಲ್ಲ ಹೊಡೆದುರುಳಿಸಿ, ಸುಮಾರು 15 ನಿಮಿಷ ಅವುಗಳ ಗುಂಡಿಗೆ ಸಿಗದೆ ನುಣುಚಿಕೊಳ್ಳುತ್ತಿರಬೇಕು. ಆಮೇಲೆ ಶತ್ರುಗಳು ಗುಂಡು ಹಾರಿಸುವುದನ್ನೇ ನಿಲ್ಲಿಸಿಬಿಡುತ್ತವೆ.

ಜಪಾನಿನ ನಾಮ್ಕೊ ಕಂಪನಿ 1979ರಲ್ಲಿ ಗೆಲಾಕ್ಸಿಯನ್ ಎಂಬ ಆಟ ತಂದಿತ್ತು. 1981ರ ಗೆಲಾಗ ಅದರ ಮುಂದಿನ ಭಾಗ. ಮೊದಲನೆಯದರಲ್ಲಿ ಒಂದು ಗುಂಡು ಗುರಿ ಮುಟ್ಟುವವರೆಗೆ ಅಥವಾ ತೆರೆ ದಾಟುವವರೆಗೆ ಇನ್ನೊಂದು ಹೊರಡುತ್ತಿರಲಿಲ್ಲ. ಇದರಲ್ಲಿ ಒಟ್ಟಿಗೆ ಎರಡು. ಬಟನ್ ಎಷ್ಟು ಕುಟ್ಟಿದರೂ ಅಷ್ಟೇ. ಆಟ ಮುಗಿದಾಗ ಎಷ್ಟು ಹಾರಿಸಿದಿರಿ, ಎಷ್ಟು ತಗುಲಿತು ಎಂದು ಶೇಕಡಾವಾರು ಅಂಕಪಟ್ಟಿಯೂ ಬರುತ್ತದೆ!

ಗೆಲಾಗದ ನಿಜವಾದ ಜಾಣತನ ಬೇರೆಡೆ ಇದೆ. ಕೀಟಗಳ ನಾಯಕ ಬೆಳಕಿನ ಬಲೆ ಬೀಸಿ ನಿಮ್ಮ ನೌಕೆಯನ್ನು ಎಳೆದೊಯ್ಯುತ್ತಾನೆ. ಕೈಯಲ್ಲಿ ಇನ್ನೊಂದು ನೌಕೆ ಉಳಿದಿದ್ದರೆ, ಅವನು ಸೆರೆಯ ನೌಕೆಯೊಡನೆ ಕೆಳಗೆ ಧುಮುಕಿದಾಗ ಹೊಡೆದು ಬಿಡಿಸಿಕೊಳ್ಳಬಹುದು. ಆಗ ಎರಡು ನೌಕೆ ಜೋಡಿಯಾಗುತ್ತವೆ. ಗುಂಡು ದುಪ್ಪಟ್ಟು, ಶತ್ರುವಿಗೆ ಸಿಗುವ ಗುರಿಯೂ ದುಪ್ಪಟ್ಟು ಅಗಲ. ಬೇಕೆಂದೇ ಸೆರೆ ಸಿಕ್ಕುವ ಆಸೆ ಹುಟ್ಟಿಸುವ ಆಟ ಅದಕ್ಕೂ ಮುಂಚೆ ಇನ್ನೊಂದಿದ್ದುದು ನನಗಂತೂ ನೆನಪಿಲ್ಲ.

ಆಟದ ಪೆಟ್ಟಿಗೆಯೊಳಗೆ ಮೂರು ಝಡ್80 ಪ್ರೊಸೆಸರ್‌ಗಳಿವೆ. ಒಂದಕ್ಕೆ ಸದ್ದಿನ ಉಸ್ತುವಾರಿ. ಆಟ ನಡೆಸುವ ಕೆಲಸವನ್ನು ಇನ್ನೆರಡು ಹಂಚಿಕೊಂಡಿವೆ. ಹಿಂದೆ ಮಿನುಗುತ್ತಾ ಜಾರುವ ನಕ್ಷತ್ರಗಳಿಗೆ ಪ್ರತ್ಯೇಕ ಚಿಪ್ಪೇ ಉಂಟು.

ಇನ್ನು ಆ ಗುಟ್ಟು. ಶತ್ರುಗಳ ಗುಂಡುಗಳಿಗೆ ಮೆಮೊರಿಯಲ್ಲಿ ಇರುವುದು ಎಂಟೇ ಜಾಗ. ಗುಂಡು ತೆರೆಯಿಂದಾಚೆ ಹೋದರೆ ಜಾಗ ಖಾಲಿ. ಆದರೆ ಗುಂಡಿನ ಅಡ್ಡಸ್ಥಾನ ಸೊನ್ನೆಯಾಗಿದ್ದರೆ, ಅಲ್ಲಿ ಗುಂಡೇ ಇಲ್ಲವೆಂದು ಗುಂಡುಗಳನ್ನು ಸರಿಸುವ ಪ್ರೋಗ್ರಾಂ ಭಾವಿಸುತ್ತದೆ. ತೆರೆಯ ಅಂಚು ದಾಟುವ ಜೇನ್ನೊಣ ಸರಿಯಾಗಿ ಸೊನ್ನೆಯಲ್ಲೇ ಗುಂಡು ಬಿಟ್ಟಿತೆನ್ನಿ: ಜಾಗ ಹಿಡಿದದ್ದಾಯಿತು, ಗುಂಡು ಮಾತ್ರ ಕದಲುವುದಿಲ್ಲ, ಹಾಗಾಗಿ ಜಾಗ ಖಾಲಿಯಾಗುವುದೂ ಇಲ್ಲ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದವನು ಬಸ್ಸನ್ನೇ ಹತ್ತದ ಹಾಗೆ. ಅಪರೂಪದ ಈ ಕಾಕತಾಳೀಯಕ್ಕಾಗಿಯೇ ಅಷ್ಟು ಹೊತ್ತಿನ ಕಾಯುವಿಕೆ.

ಎಂಟೂ ಸೀಟಿಗೆ ಟವೆಲ್ ಬಿದ್ದ ಮೇಲೆ ಕೀಟಗಳ ಬಳಿ ಗುಂಡಿಲ್ಲ. ಮೈಮೇಲೆ ಬಂದೆರಗುವುದನ್ನಂತೂ ಅವು ಬಿಡುವುದಿಲ್ಲ.