ಕೆಂಪು ರಕ್ತಕಣ ಹುಟ್ಟುವ ಬಗೆ



ಸಂಘದ ರಕ್ತದಾನ ಶಿಬಿರದಲ್ಲಿ ಕಾಫಿ, ಬಿಸ್ಕತ್ತು ಹಂಚುವ ಕೆಲಸ ನನ್ನದು. ಪ್ರತಿ ಸಲವೂ ಉತ್ಸಾಹದಿಂದ ಬಂದ ಕೆಲವು ಹೆಣ್ಣುಮಕ್ಕಳು ಬೆರಳ ತುದಿಯ ಪರೀಕ್ಷೆಯಾದೊಡನೆ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇಲ್ಲದಿದ್ದರೆ ರಕ್ತ ತೆಗೆಯುವಂತಿಲ್ಲ. “ಆಂಟಿ, ನಾನು ಚೆನ್ನಾಗಿಯೇ ಇದ್ದೇನಲ್ಲ!” ಎನ್ನುವ ನಿಮಗೆ ಉತ್ತರ ಕೊಡಬೇಕಾದರೆ ಕೆಂಪು ಕಣದ ಹುಟ್ಟಿನ ಕಥೆಯನ್ನೇ ಹೇಳಬೇಕು.

ಎದೆಯ ಮೂಳೆ, ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆಗಳ ಒಳಗಿರುವ ಕೆಂಪು ಮಜ್ಜೆಯೇ ಇದರ ತವರುಮನೆ. ಆಮ್ಲಜನಕದ ಕೊರತೆಯನ್ನು ಗುರುತಿಸುವುದು ಮೂತ್ರಪಿಂಡ. ಅದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಕಳಿಸಿ ಮಜ್ಜೆಯ ಕೆಲಸವನ್ನು ಚುರುಕುಗೊಳಿಸುತ್ತದೆ. ಆಗ ಎಳೆಯ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ. ಹೀಗೆ ಒಡೆಯಲು ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವ ಬೇಕು. ಒಳಗೆ ಹಿಮೋಗ್ಲೋಬಿನ್ ತುಂಬಲು ಕಬ್ಬಿಣ ಬೇಕು.

ಕಣ ಬಲಿಯುತ್ತ ಬಂದಂತೆ ಒಂದು ವಿಚಿತ್ರ ನಡೆಯುತ್ತದೆ. ಅದು ತನ್ನ ನ್ಯೂಕ್ಲಿಯಸ್ಸನ್ನೇ ಹೊರಹಾಕುತ್ತದೆ! ಪಕ್ಕದಲ್ಲಿರುವ ಭಕ್ಷಕ ಕೋಶ ಅದನ್ನು ನುಂಗಿಬಿಡುತ್ತದೆ. ಕೋಳಿ, ಕಪ್ಪೆಗಳ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಉಳಿದಿರುತ್ತದೆ. ಇಲಿ, ಆನೆ, ಮನುಷ್ಯರಂಥ ಸಸ್ತನಿಗಳಲ್ಲಿ ಉಳಿಯುವುದಿಲ್ಲ. ನಂತರ ಕಣ ಮಜ್ಜೆಯಿಂದ ರಕ್ತಕ್ಕೆ ಇಳಿದು, ಒಂದೆರಡು ದಿನಗಳಲ್ಲಿ ನಡು ತಗ್ಗಾದ ಬಿಲ್ಲೆಯ ಆಕಾರ ಪಡೆಯುತ್ತದೆ. ತನಗಿಂತ ಕಿರಿದಾದ ರಕ್ತನಾಳದಲ್ಲೂ ಬಾಗಿ ನುಸುಳುತ್ತದೆ. ಇಷ್ಟಕ್ಕೆಲ್ಲ ಸುಮಾರು ಒಂದು ವಾರ ಸಾಕು.

ಆದರೆ ನ್ಯೂಕ್ಲಿಯಸ್ ಇಲ್ಲದ ಕಣ ಮತ್ತೆ ಒಡೆಯಲಾರದು, ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಸುಮಾರು 120 ದಿನ ದುಡಿದು ಸವೆಯುತ್ತದೆ. ಆದ್ದರಿಂದ ನಮ್ಮ ದೇಹ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ತಯಾರಿಸುತ್ತಲೇ ಇರಬೇಕು. ಇದಕ್ಕೆ ದಿನಕ್ಕೆ 20 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಬೇಕು. ಊಟದಿಂದ ದೇಹ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ! ಉಳಿದದ್ದು ಸವೆದ ಕಣಗಳಿಂದಲೇ ಮರಳಿ ಬರುತ್ತದೆ.

ಹೆಣ್ಣುಮಕ್ಕಳಿಗೆ ತೊಂದರೆಯಾಗುವುದು ಇಲ್ಲೇ. ಮುಟ್ಟಿನಲ್ಲಿ ಹೋದ ಕಬ್ಬಿಣ ಮರಳಿ ಬರುವುದಿಲ್ಲ. ಬೆಳಿಗ್ಗೆ ಚಹಾ-ಬಿಸ್ಕತ್ತು, ಮಧ್ಯಾಹ್ನ ವಡಾಪಾವ್ ಎಂದು ದಿನ ತಳ್ಳಿದರೆ ದೇಹ ಕೂಡಿಟ್ಟ ಗಂಟು ಕರಗುತ್ತದೆ. ಗಂಟು ಇರುವವರೆಗೆ ಹೊರಗೆ ಏನೂ ಗೊತ್ತಾಗದು. ಅದು ಮುಗಿದ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಸದಾ ಸುಸ್ತು; ಅದನ್ನು ನಾವು ಓದಿನ ಆಯಾಸವೆಂದುಕೊಳ್ಳುತ್ತೇವೆ.

ಹಿಂದೆ ಕಳಿಸಿದರೆ ಅದು ಅವಮಾನವಲ್ಲ, ಎಚ್ಚರಿಕೆ. ಕಾರಣ ಬೇರೆಯೂ ಇರಬಹುದು, ವೈದ್ಯರಿಗೆ ತೋರಿಸಿ. ಅವರು ಹೇಳಿದಷ್ಟು ತಿಂಗಳು ಮಾತ್ರೆ ನುಂಗಿ, ನಡುವೆ ಬಿಡಬೇಡಿ. ಮನೆಯಲ್ಲಿ ಸೊಪ್ಪಿನ ಹುಳಿ, ಹುರುಳಿ ಸಾರು ಮಾಡಿದಾಗ ಮುಖ ಸಿಂಡರಿಸಬೇಡಿ; ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಬೇಡ.

ಮುಂದಿನ ಶಿಬಿರಕ್ಕೆ ಮತ್ತೆ ಬನ್ನಿ. ರಕ್ತ ಕೊಟ್ಟಾದ ಮೇಲೆ ನನ್ನ ಕೈಯ ಕಾಫಿ ಇದ್ದೇ ಇದೆ!