ಬಾಕ್ಸ್ ಸೆಟ್ಟಿನ ಪೂರ್ವೋತ್ತರ

ಬೀಟಲ್ಸರ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಸುದೀರ್ಘ ನಾಮಧೇಯದ ಧ್ವನಿಮುದ್ರಿಕೆಯು 1967ರಲ್ಲಿ ಹೊರಬಂದಾಗ ಅದರಲ್ಲಿದ್ದುದು ಹದಿಮೂರು ಗೀತಗಳು; ಪ್ಲೇಟಿನ ಎರಡು ಮಗ್ಗುಲೂ ಸೇರಿ ನಲವತ್ತು ನಿಮಿಷ ತುಂಬದು. ಆ ಕೃತಿಗೆ ಐವತ್ತು ವರ್ಷ ತುಂಬಿತೆಂದು 2017ರಲ್ಲಿ ಹೊರಡಿಸಿದ ‘ಸೂಪರ್ ಡಿಲಕ್ಸ್’ ಆವೃತ್ತಿಯನ್ನಾದರೋ ಎರಡು ಕೈ ಕೊಟ್ಟು ಎತ್ತಬೇಕು: ನಾಲ್ಕು ಸಿ.ಡಿ., ಒಂದು ಡಿ.ವಿ.ಡಿ., ಒಂದು ಬ್ಲೂ-ರೇ, ಗಟ್ಟಿ ರಟ್ಟಿನ ಗ್ರಂಥವೊಂದು, ಜಾನ್ ಲೆನನ್ನರಿಗೆ ಒಂದು ಹಾಡಿನ ವಸ್ತುವನ್ನೇ ಒದಗಿಸಿಕೊಟ್ಟ ಹಳೆಯ ಸರ್ಕಸ್ ಭಿತ್ತಿಪತ್ರದ ಪ್ರತಿಯೊಂದು. ಮುಕ್ಕಾಲು ಗಂಟೆಗೂ ಕಡಮೆಯಾದ ಸಂಗೀತವು ಇಂಥ ಭಾರದ ಪೆಟ್ಟಿಗೆಯಾಗಿ ಬೆಳೆದುದು ಹೇಗೆ, ಆ ಹಾಡುಗಳೆಲ್ಲ ಕಂಠಸ್ಥವಾಗಿರುವ ಮಧ್ಯವಯಸ್ಕರು ಸಾವಿರಾರು ರೂಪಾಯಿ ತೆತ್ತು ಅದನ್ನು ಮತ್ತೊಮ್ಮೆ ಮನೆಗೆ ತರುವುದು ಏತಕ್ಕೆ ಎಂಬುದು ವಿಚಾರಮಾಡತಕ್ಕ ಸಂಗತಿ.

ಪೆಟ್ಟಿಗೆಯು ರಾಕ್ ಸಂಗೀತದ ಸ್ವಂತ ಸೊತ್ತಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳ ಕಾಲದಲ್ಲಿ (ಆ ಅರಗಿನ ಬಹುಭಾಗ ನಮ್ಮ ದೇಶದಿಂದಲೇ ಹೋಗುತ್ತಿದ್ದಿತು) ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲವಾದುದರಿಂದ, ಬೀಥೋವನ್ನರ ಒಂದು ಸಿಂಫನಿ ಬೇಕೆಂದವರು ಪುಸ್ತಕದಂತೆ ಹೊಲಿದ ಕಾಗದದ ಚೀಲಗಳಲ್ಲಿ ಹಲವು ಪ್ಲೇಟುಗಳನ್ನು ಹೊತ್ತು ತರಬೇಕಾಗಿದ್ದಿತು. 1948ರಲ್ಲಿ ಕೊಲಂಬಿಯ ಕಂಪೆನಿಯು ಹೆಚ್ಚು ಹೊತ್ತು ನುಡಿಯುವ ಎಲ್.ಪಿ. ಪ್ಲೇಟನ್ನು ತಂದ ಮೇಲೆ ಸಿಂಫನಿಯು ಒಂದೇ ಪ್ಲೇಟಿಗೆ ಇಳಿಯಿತು. ಆಪೆರಾ ಮಾತ್ರ ಅಷ್ಟಕ್ಕೂ ಬಗ್ಗದೆ, ಹಲವು ಪ್ಲೇಟು ಮತ್ತು ಸಾಹಿತ್ಯದ ಪುಸ್ತಿಕೆಯೊಡನೆ ರಟ್ಟಿನ ಪೆಟ್ಟಿಗೆಯಲ್ಲಿಯೇ ಉಳಿಯಿತು. ಹೀಗಾಗಿ ಪೆಟ್ಟಿಗೆಯೆಂದರೆ ಗಾಂಭೀರ್ಯದ ಲಾಂಛನವೆಂಬ ಭಾವನೆ ಬೇರೂರಿತು. ಮೂರು ನಿಮಿಷದ ಹಾಡನ್ನು ಬಿಡಿಬಿಡಿಯಾಗಿ ಮಾರಿ ಬದುಕುತ್ತಿದ್ದ ರಾಕ್ ಸಂಗೀತಕ್ಕೆ ಆ ಗೌರವದ ಮೇಲೆ ಕಣ್ಣು ಬಿದ್ದುದು ಸಹಜವೇ ಸರಿ.

1970ರಲ್ಲಿ ‘ಲೆಟ್ ಇಟ್ ಬಿ’ ಬ್ರಿಟನ್ನಿನಲ್ಲಿ ಮೊದಲು ಮಾರಾಟಕ್ಕೆ ಬಂದುದು ಛಾಯಾಚಿತ್ರಗಳ ಪುಸ್ತಕದೊಡನೆ ಪೆಟ್ಟಿಗೆಯಲ್ಲಿ. ಅದೇ ವರ್ಷದ ಕೊನೆಗೆ ಜಾರ್ಜ್ ಹ್ಯಾರಿಸನ್ನರು, ಬೀಟಲ್ಸ್ ತಂಡದಲ್ಲಿದ್ದಾಗ ಅವಕಾಶ ದೊರೆಯದೆ ಕೂಡಿಟ್ಟುಕೊಂಡಿದ್ದ ಹಾಡುಗಳನ್ನೆಲ್ಲ ಮೂರು ಎಲ್.ಪಿ.ಗಳ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ಪೆಟ್ಟಿಗೆಯಲ್ಲಿ ಸುರಿದರು. ಮರುವರ್ಷ ರವಿಶಂಕರರ ಪ್ರೇರಣೆಯಿಂದ, ಪೂರ್ವಬಂಗಾಳದ ನಿರಾಶ್ರಿತರ ಸಹಾಯಾರ್ಥವಾಗಿ ನ್ಯೂಯಾರ್ಕಿನಲ್ಲಿ ನಡೆದ ಕಚೇರಿಯ ಮುದ್ರಣವೂ ಮೂರು ಎಲ್.ಪಿ., 64 ಪುಟದ ಪುಸ್ತಿಕೆ, ಬರಿದಾದ ತಟ್ಟೆಯ ಮುಂದೆ ಕುಳಿತ ಮಗುವಿನ ಚಿತ್ರವುಳ್ಳ ಪೆಟ್ಟಿಗೆಯಾಗಿ ಬಂದಿತು. ಇವುಗಳಲ್ಲಿ ಪೆಟ್ಟಿಗೆಯ ಕಾರಣ ಸರಳವಾದುದು: ಹೊಸ ಸಂಗೀತವಿದ್ದಿತು, ಅದು ಬಹಳವಿದ್ದಿತು. ಹಳೆಯದನ್ನೇ ಪೆಟ್ಟಿಗೆಗೆ ತುಂಬಿ ಹೊಸದೆಂಬಂತೆ ಮಾರುವ ವಿದ್ಯೆ ಇನ್ನೂ ಬಲಿತಿರಲಿಲ್ಲ.

ಆ ವಿದ್ಯೆಗೆ ಮೊದಲ ಪಾಠ ಹೇಳಿದವರು ಕಳ್ಳರು. 1969ರಲ್ಲಿ ಬಾಬ್ ಡಿಲನ್ನರ ಅಪ್ರಕಟಿತ ಟೇಪುಗಳನ್ನು ಯಾರೋ ಲಾಸ್ ಏಂಜಲೀಸಿನಲ್ಲಿ ಹೆಸರಿಲ್ಲದ ಬಿಳಿಯ ಹೊದಿಕೆಯೊಳಗಿಟ್ಟು ಮಾರಿದರು. ‘ಗ್ರೇಟ್ ವೈಟ್ ವಂಡರ್’ ಎಂದು ಪ್ರಸಿದ್ಧವಾದ ಆ ಕಳ್ಳಮಾಲು, ಕಲಾವಿದನು ಬಿಸುಟ ಚೂರುಗಳಿಗೂ ಗಿರಾಕಿಯುಂಟೆಂಬುದನ್ನು ಕಂಪೆನಿಗಳಿಗೆ ತೋರಿಸಿಕೊಟ್ಟಿತು. ಕಂಪೆನಿಗಳು ಅದನ್ನು ಪೂರ್ತಿಯಾಗಿ ಮನಗಾಣಲು ಹದಿನಾರು ವರ್ಷ ಹಿಡಿಯಿತು. 1982ರಲ್ಲಿ ಸಿ.ಡಿ. ಬಂದು, ಪ್ಲೇಟುಗಳಿದ್ದವರೇ ಅವೇ ಹಾಡುಗಳನ್ನು ಮತ್ತೆ ಕೊಳ್ಳುವ ವಿಚಿತ್ರವು ಕಣ್ಣಿಗೆ ಬೀಳತೊಡಗಿದ ಕಾಲದಲ್ಲಿ, 1985ರಲ್ಲಿ, ಡಿಲನ್ನರ ‘ಬಯೋಗ್ರಾಫ್’ ಪ್ರಕಟವಾಯಿತು: ಐದು ಎಲ್.ಪಿ., 53 ಹಾಡುಗಳು, ಪ್ರಸಿದ್ಧವಾದುವುಗಳ ನಡುವೆ ಹಿಂದೆ ಎಲ್ಲಿಯೂ ಬಾರದ ಕೆಲವು. ಅದು ಗೆದ್ದಿತು. ಎರಿಕ್ ಕ್ಲಾಪ್ಟನ್ನರ ‘ಕ್ರಾಸ್‌ರೋಡ್ಸ್’ 1988ರಲ್ಲಿಯೂ, ಜಿಮ್ಮಿ ಪೇಜರೇ ಕುಳಿತು ತಿದ್ದಿಸಿದ ಲೆಡ್ ಜೆಪ್ಪೆಲಿನ್ ಪೆಟ್ಟಿಗೆ 1990ರಲ್ಲಿಯೂ ಅದೇ ದಾರಿಯಲ್ಲಿ ನಡೆದುವು.

ಇವೆಲ್ಲವೂ ಒಬ್ಬ ಕಲಾವಿದನ ಜೀವಮಾನದ ಆಯ್ಕೆಗಳು. ಒಂದೇ ಒಂದು ಧ್ವನಿಮುದ್ರಿಕೆಯನ್ನು ಹಿಡಿದು, ಅದರ ಹುಟ್ಟಿನ ವೃತ್ತಾಂತವನ್ನೆಲ್ಲ ಕೇಳಿಸುವ ಪೆಟ್ಟಿಗೆಗೆ 1997ರ ‘ದಿ ಪೆಟ್ ಸೌಂಡ್ಸ್ ಸೆಷನ್ಸ್’ ಮೇಲ್ಪಂಕ್ತಿ ಹಾಕಿತೆಂದು ನನ್ನ ಭಾವನೆ. ಬೀಚ್ ಬಾಯ್ಸರ ಬ್ರಯನ್ ವಿಲ್ಸನ್ನರಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಅದೂ ಒಂದು ಕಾರಣವಾಗಿ ಅವರು 1966ರಲ್ಲಿ ‘ಪೆಟ್ ಸೌಂಡ್ಸ್’ ಕೃತಿಯನ್ನು ಒಂದೇ ವಾಹಿನಿಯ ಮೋನೋದಲ್ಲಿಯೇ ಸಿದ್ಧಪಡಿಸಿದ್ದರು. ಪೆಟ್ಟಿಗೆಯಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಟೀರಿಯೋ ರೂಪ ದೊರೆತುದಲ್ಲದೆ, ವಾದ್ಯಗಳನ್ನೆಲ್ಲ ಕಳಚಿ ಕಂಠಗಳನ್ನಷ್ಟೇ ಉಳಿಸಿದ ಪಾಠಗಳೂ ಸೇರಿದುವು. ಒಂದು ಮಹಾಕೃತಿಯ ಕರಡುಪ್ರತಿಗಳನ್ನು ಕವಿಯ ಹಸ್ತಾಕ್ಷರದಲ್ಲಿಯೇ ಓದುವ ಸುಖವು ಸಂಗೀತದ ಕೇಳುಗನಿಗೂ ಆಗ ಲಭಿಸಿತು.

ಈ ಸುಖವು ಟೇಪಿನ ಯೋಗಕ್ಷೇಮವನ್ನು ಅವಲಂಬಿಸಿದ್ದು. ‘ಪೆಪ್ಪರ್’ ಮುದ್ರಣವಾದಾಗ ಆಬೀ ರೋಡ್ ಸ್ಟುಡಿಯೋದ ಯಂತ್ರಗಳಲ್ಲಿ ನಾಲ್ಕೇ ಟ್ರ್ಯಾಕುಗಳಿದ್ದುವು. ನಾಲ್ಕೂ ತುಂಬಿದೊಡನೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕುಗಳಿಗೆ ಇಳಿಸಿ, ಉಳಿದ ಸ್ಥಳದಲ್ಲಿ ಹೊಸ ವಾದ್ಯಗಳನ್ನು ಸೇರಿಸುವುದು ರೂಢಿಯಾಗಿದ್ದಿತು. ಹಾಲು ಬತ್ತಿ ಖೋವಾ ಆದ ಮೇಲೆ ಮರಳಿ ಹಾಲಾಗದಷ್ಟೆ. ಹಾಗೆಯೇ ಬೆರೆತ ಧ್ವನಿಗಳನ್ನು ಬೇರ್ಪಡಿಸುವ ಉಪಾಯ ಅಂದು ಇರಲಿಲ್ಲ. ಆದರೆ ಬೆರೆಸುವುದಕ್ಕೆ ಮುಂಚಿನ ಟೇಪುಗಳು ನಾಶವಾಗದೆ ಉಳಿದಿದ್ದುವು. ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಮಗ ಜೈಲ್ಸ್ ಮಾರ್ಟಿನ್ನರು 2017ರಲ್ಲಿ ಆ ಮೊದಲ ತಲೆಮಾರಿನ ಟೇಪುಗಳಿಂದಲೇ ಮಿಶ್ರಣವನ್ನು ಮತ್ತೆ ಕಟ್ಟಿದರು.

ಆ ಪೆಟ್ಟಿಗೆಯಲ್ಲಿ ಕನ್ನಡಿಗನು ತಡೆದು ನಿಂತು ಕೇಳಬೇಕಾದ ಒಂದು ಭಾಗವುಂಟು: ‘ವಿದಿನ್ ಯು ವಿದೌಟ್ ಯು’ ಗೀತದ, ಭಾರತೀಯ ವಾದ್ಯಗಳು ಮಾತ್ರವಿರುವ ಮೊದಲ ಪಾಠ, ಮತ್ತು ಹ್ಯಾರಿಸನ್ನರು ವಾದ್ಯಗಾರರಿಗೆ ಸ್ವರಗಳನ್ನು ಹೇಳಿಕೊಡುತ್ತಿರುವ ತುಣುಕು. ದಿಲ್ರುಬಾ, ತಂಬೂರಿ, ತಬಲಗಳನ್ನು ನುಡಿಸಿದವರು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಮೂಲಕ ಬಂದವರು. ಆ ಸಂಸ್ಥೆಯನ್ನು 1946ರಲ್ಲಿ ಪತ್ನಿ ಪೆಟ್ರೀಷಿಯ ಅವರೊಡನೆ ಸ್ಥಾಪಿಸಿದ ಅಯನ ಅಂಗಡಿಯವರು ನಮ್ಮ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದವರು. 1965ರಲ್ಲಿ ‘ನಾರ್ವೀಜಿಯನ್ ವುಡ್’ ಹಾಡಿನ ಮುದ್ರಣದ ನಡುವೆ ಹ್ಯಾರಿಸನ್ನರ ಸಿತಾರಿನ ತಂತಿ ಕಡಿದಾಗ ಹೇಳಿಕಳುಹಿಸಿದ್ದು ಅಂಗಡಿಯವರಿಗೆ. ಹ್ಯಾರಿಸನ್ನರು ರವಿಶಂಕರರನ್ನು ಕಂಡುದೂ ಅವರ ಮನೆಯಲ್ಲಿಯೇ. 1967ರ ಹೊದಿಕೆಯ ಮೇಲೆ ಆ ವಾದ್ಯಗಾರರಲ್ಲೊಬ್ಬರ ಹೆಸರೂ ಇರಲಿಲ್ಲ.

ರಸಿಕತೆಯೊಂದೇ ಈ ಪೆಟ್ಟಿಗೆಗಳನ್ನು ಹೆಚ್ಚಿಸಿತೆಂದರೆ ಅರ್ಧ ಸತ್ಯವಾದೀತು. ಐರೋಪ್ಯ ಒಕ್ಕೂಟವು 2011ರಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿಯನ್ನು 50 ವರ್ಷದಿಂದ 70ಕ್ಕೆ ಏರಿಸಿತು. ಆದರೆ ಐವತ್ತು ವರ್ಷದೊಳಗೆ ಪ್ರಕಟವಾಗದ ಮುದ್ರಣಕ್ಕೆ ಆ ಭಾಗ್ಯವಿಲ್ಲ. ಉಗ್ರಾಣದಲ್ಲಿ ಮಲಗಿದ್ದ ಟೇಪುಗಳು ಎಚ್ಚರಗೊಂಡುವು. 2012ರ ಕೊನೆಗೆ ಡಿಲನ್ನರ 1962ರ ಮುದ್ರಣಗಳನ್ನು ಕಂಪೆನಿಯು ಸುಮಾರು ನೂರು ಪ್ರತಿಗಳಷ್ಟೇ ಮಾಡಿ ಯೂರೋಪಿನ ಅಂಗಡಿಗಳಿಗೆ ಕಳುಹಿಸಿತು. ಯಾರಿಗೂ ಸಿಗದಂತೆ ಪ್ರಕಟಿಸುವ ಈ ಚಾತುರ್ಯಕ್ಕೆ ವಕೀಲರ ಬುದ್ಧಿಯೇ ಬೇಕು. 2015ರಲ್ಲಿ ಬಂದ ಡಿಲನ್ನರ ‘ದಿ ಕಟಿಂಗ್ ಎಡ್ಜ್’ ಎಂಬುದರ ಹದಿನೆಂಟು ಸಿ.ಡಿ.ಗಳ ಆವೃತ್ತಿಯಾದರೂ ಕೇಳುಗರಿಗಾಗಿಯೇ ಬಂದುದು, ಐದು ಸಾವಿರ ಪ್ರತಿ ಮಾತ್ರ. ಅದರಲ್ಲಿ ‘ಲೈಕ್ ಎ ರೋಲಿಂಗ್ ಸ್ಟೋನ್’ ಹಾಡಿನ ಎಲ್ಲ ಪ್ರಯತ್ನಗಳೂ ಇವೆ. 1965ರ ಜೂನ್ 16ರಂದು ನಾಲ್ಕನೆಯ ಸಲಕ್ಕೆ ಹಾಡು ಕೂಡಿಬಂದಿತು. ಲೋಕವು ಇಂದಿಗೂ ಕೇಳುತ್ತಿರುವುದು ಅದನ್ನೇ. ಕೂಡಿಬಂದುದೆಂಬುದನ್ನು ತಿಳಿಯದೆ ಡಿಲನ್ನರೂ ಸಂಗಡಿಗರೂ ಇನ್ನೂ ಹನ್ನೊಂದು ಸಲ ಹಾಡಿ ನುಡಿಸಿ ಬಳಲುವುದನ್ನು ಕೇಳುತ್ತಿದ್ದರೆ, ಪ್ರತಿಭೆಯನ್ನು ಕುರಿತ ಅನೇಕ ಉಪನ್ಯಾಸಗಳು ಅನವಶ್ಯಕವೆನಿಸುತ್ತವೆ.

ಎಲ್ಲ ಪೆಟ್ಟಿಗೆಯೂ ಇಷ್ಟು ಪ್ರಾಮಾಣಿಕವಲ್ಲ. ಪಿಂಕ್ ಫ್ಲಾಯ್ಡರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 2011ರಲ್ಲಿ ‘ಇಮ್ಮರ್ಷನ್’ ಪೆಟ್ಟಿಗೆಯಾಗಿ ಬಂದಾಗ ಅದರೊಳಗೆ ಒಂದು ಕುತ್ತಿಗೆವಸ್ತ್ರ, ಲೋಟದಡಿಯ ಬಿಲ್ಲೆಗಳು, ಮೂರು ಗಾಜಿನ ಗೋಲಿಗಳು ಇದ್ದುವು. ಅರುವತ್ತು ದಾಟಿದ ರಸಿಕರಿಗೆ ಗೋಲಿ ಏತಕ್ಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೆ ಅದೇ ಮಾಲೆಯ ‘ವಿಷ್ ಯು ವರ್ ಹಿಯರ್’ ಪೆಟ್ಟಿಗೆಯಲ್ಲಿ, 1975ರಲ್ಲಿ ಪಕ್ಕದ ಸ್ಟುಡಿಯೋದಲ್ಲಿದ್ದ ಸ್ಟೆಫಾನ್ ಗ್ರಪೆಲಿಯವರನ್ನು ಕರೆತಂದು ನುಡಿಸಿದ್ದ ಪಿಟೀಲು, ಅಳಿಸಿಹೋಯಿತೆಂದು ತಂಡದವರೇ ನಂಬಿದ್ದುದು, ಸ್ಪಷ್ಟವಾಗಿ ಕೇಳಿಸುತ್ತದೆ. ಅದೊಂದಕ್ಕಾಗಿ ಗೋಲಿಗಳನ್ನು ಕ್ಷಮಿಸಬಹುದು.

2022ರಲ್ಲಿ ಬೀಟಲ್ಸರ ‘ರಿವಾಲ್ವರ್’ ಪೆಟ್ಟಿಗೆ ಬಂದಾಗ ಕಥೆ ಇನ್ನೊಂದು ಮಗ್ಗುಲಿಗೆ ಹೊರಳಿತು. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ನರ ತಂಡದವರು ಅಭ್ಯಾಸ ಮಾಡಿಸಿದ ಗಣಕಯಂತ್ರವು, ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದ ಗಿಟಾರು, ಬೇಸ್, ಡ್ರಮ್ಮುಗಳನ್ನು ಬೇರೆಬೇರೆಯಾಗಿ ಬಿಡಿಸಿಕೊಟ್ಟಿತು. ಖೋವಾದಿಂದ ಹಾಲನ್ನು ತೆಗೆದುದಾಯಿತು. ಟೇಪು ಉಳಿದಿದೆಯೋ ಇಲ್ಲವೋ ಎಂಬುದಕ್ಕೆ ಕಟ್ಟುಬಿದ್ದಿದ್ದ ಈ ವ್ಯಾಪಾರಕ್ಕೆ ಇನ್ನು ಎಲ್ಲೆ ಹೇಳುವುದು ಕಷ್ಟ. ‘ರಿವಾಲ್ವರ್’ ಅನ್ನು 1966ರಲ್ಲಿ ಪ್ಲೇಟಾಗಿಯೂ, 1987ರಲ್ಲಿ ಸಿ.ಡಿ.ಯಾಗಿಯೂ, 2009ರಲ್ಲಿ ಮೋನೋ ಪೆಟ್ಟಿಗೆಯ ಭಾಗವಾಗಿಯೂ ಕೊಂಡಿದ್ದ ಸಂಗ್ರಾಹಕನು ಇದನ್ನೂ ಕೊಂಡನು. ನಾಲ್ಕೂ ಅವನ ಕಪಾಟಿನಲ್ಲಿವೆ. ಒಂದನ್ನಾದರೂ ಮಾರು ಎಂದರೆ, ನಾಲ್ಕೂ ಬೇರೆ ಬೇರೆ ಕೃತಿಗಳಲ್ಲವೇ ಎಂದು ಕೇಳುತ್ತಾನೆ.